ದೊಡ್ಡ ಫಿರಂಗಿಯ ಹಡಗೇ ಮೊದಲು ಮುಳುಗುವುದು ಯಾಕೆ?

ದಸರಾ ರಜೆಗೆ ಅಕ್ಕನ ಮಗ ಸಕಲೇಶಪುರದಿಂದ ಹಾಸನಕ್ಕೆ, ನಮ್ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸಿನ ಹುಡುಗ. ಬಂದವನೇ ಬ್ಯಾಗ್ ಮೂಲೆಗೆ ಇಟ್ಟು ನನ್ನ ಕಂಪ್ಯೂಟರ್ ಮುಂದೆ ಕೂತ. ಯುದ್ಧದ ಹಡಗು ಕಟ್ಟಿಕೊಂಡು ಸಮುದ್ರದಲ್ಲಿ ಹೊಡೆದಾಡುವ ಗೇಮ್. ಬರೀ ಒಡಲು ಕೊಡುತ್ತಾರೆ. ಎಂಜಿನ್, ಫಿರಂಗಿ, ಕವಚ, ಹೊಗೆ ಕೊಳವೆ ಎಲ್ಲವನ್ನೂ ನಾವೇ ಜೋಡಿಸಬೇಕು. ಅವನು ಮೂತಿಯಿಂದ ಬಾಲದವರೆಗೂ ಫಿರಂಗಿ ತುಂಬಿದ್ದ. ನೋಡೋಕೆ ಭಯಂಕರವಾಗಿತ್ತು. ನೀರಿಗಿಳಿದು ಮೂರು ನಿಮಿಷ ಆಗಿರಲಿಲ್ಲ, ಮುಳುಗಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಮುಳುಗಿದಾಗ ನನ್ನ ಕಡೆ ತಿರುಗಿದ.

"ಮಾವ, ಎಲ್ಲರಿಗಿಂತ ದೊಡ್ಡ ಫಿರಂಗಿ ನಂದೇ. ಆದ್ರೂ ಮೊದ್ಲು ಮುಳುಗೋದು ನಾನೇ. ಯಾಕೆ ಹಿಂಗೆ?"

ಈ ಜಾತಿಯ ಗೇಮ್‌ಗಳನ್ನು ನಾನು ಕಾಲೇಜು ದಿನಗಳಿಂದಲೂ ಆಡುತ್ತಾ ಬಂದಿದ್ದೇನೆ. ಅವನ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ನಿಜವಾದ ಹಡಗು ಕಟ್ಟುವವರು ಇದೇ ಪ್ರಶ್ನೆ ಹಿಡಿದುಕೊಂಡು ನೂರಾರು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗೇಮ್ ಬಗ್ಗೆ ಎರಡು ಮಾತು. ಕೆಲವು ಗೇಮ್‌ಗಳು ಇತಿಹಾಸದಲ್ಲಿ ನಿಜವಾಗಿ ಇದ್ದ ಹಡಗನ್ನೇ ಕೈಗೆ ಕೊಡುತ್ತವೆ, ಸಣ್ಣಪುಟ್ಟ ಬದಲಾವಣೆ ಮಾತ್ರ ನಮ್ಮದು. 2015ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಶಿಪ್ಸ್' ಹಾಗೆ. ಇನ್ನು ಕೆಲವು ಒಡಲಿನಿಂದಲೇ ಶುರು ಮಾಡಿಸುತ್ತವೆ. ಪ್ಲೇಸ್ಟೇಷನ್ 2ಕ್ಕೆ ಬಂದಿದ್ದ ಜಪಾನಿನ ಕೋಯಿ ಕಂಪನಿಯ 'ವಾರ್‌ಶಿಪ್ ಗನ್ನರ್ 2' ಆ ಥರದ್ದು. ಒಂದೊಂದೇ ಭಾಗ ಆರಿಸಿ ಇಡುತ್ತಾ ಹೋಗಬೇಕು. ಎರಡನ್ನೂ ಆರ್ಕೇಡ್ ಶೈಲಿ ಅನ್ನಬಹುದು, ಯಾಕೆಂದರೆ ದೂರವನ್ನೂ ಸಮಯವನ್ನೂ ಚೆನ್ನಾಗಿ ಕುಗ್ಗಿಸಿರುತ್ತಾರೆ. ಎರಡನೇ ಮಹಾಯುದ್ಧದ ಕಾಲದ ಜಪಾನಿನ ಯಾಮಾಟೊ ಹಡಗಿನ ಫಿರಂಗಿ ಸುಮಾರು 42 ಕಿ.ಮೀ. ದೂರ ಹೊಡೆಯುತ್ತಿತ್ತು. ಹಾಸನದಿಂದ ಹೊಡೆದರೆ ಗುಂಡು ಸಕಲೇಶಪುರ ದಾಟಿ ಬೀಳುವಷ್ಟು ದೂರ. ಅಷ್ಟು ದೂರ ಹಾರೋಕೆ ಗುಂಡಿಗೆ ಸುಮಾರು ಒಂದೂವರೆ ನಿಮಿಷ ಬೇಕು. ಗೇಮ್‌ನಲ್ಲಿ ಅಷ್ಟು ಹೊತ್ತು ಕಾಯಿಸಿದರೆ ಯಾರು ಆಡುತ್ತಾರೆ? ಅದಕ್ಕೇ ಕೆಲವೇ ಸೆಕೆಂಡಿಗೆ ಇಳಿಸಿರುತ್ತಾರೆ. ಆದರೆ ಒಳಗಿನ ಲೆಕ್ಕ ಮಾತ್ರ ನಿಜದ ಹಡಗಿನಿಂದಲೇ ಬಂದಿದ್ದು.

ಆ ಲೆಕ್ಕ ತೂಕದ್ದು. ಒಡಲು ಇಷ್ಟೇ ಭಾರ ಹೊರುತ್ತದೆ ಅಂತ ಒಂದು ಮಿತಿ ಇರುತ್ತದೆ. ಆ ಮಿತಿಯೊಳಗೆ ಫಿರಂಗಿ, ಕವಚ, ವೇಗ ಮೂರೂ ಪಾಲು ಕೇಳುತ್ತವೆ. ಒಬ್ಬರಿಗೆ ಜಾಸ್ತಿ ಬಡಿಸಿದರೆ ಇನ್ನೊಬ್ಬರಿಗೆ ಕಡಿಮೆ ಆಗಲೇಬೇಕು. ಯಾಮಾಟೊದಲ್ಲಿ ಒಂಬತ್ತು ಫಿರಂಗಿ, ಒಂದೊಂದರ ಬಾಯಿ 46 ಸೆಂ.ಮೀ. ಅಗಲ. ಮೂರು ಮೂರು ಫಿರಂಗಿ ಕೂತಿರುವ, ಸುತ್ತ ತಿರುಗುವ ಗೂಡಿಗೆ ಟರೆಟ್ ಅನ್ನುತ್ತಾರೆ. ಆ ಒಂದು ಟರೆಟ್ಟೇ ಸುಮಾರು 2,500 ಟನ್ ಇತ್ತು. ಆ ಕಾಲದ ಡಿಸ್ಟ್ರಾಯರ್ ಅನ್ನುವ, ಚಿಕ್ಕದಾದ ಚುರುಕು ಯುದ್ಧದ ಹಡಗು ಒಂದರ ಇಡೀ ತೂಕ ಅದು. ನಮ್ಮೂರ ಆಲೂಗಡ್ಡೆ ಲೆಕ್ಕದಲ್ಲಿ ಹೇಳಿದರೆ ಹತ್ತು ಟನ್ ಹೊರುವ ಲಾರಿಗಳು 250 ಬೇಕು, ಒಂದು ಟರೆಟ್‌ಗೆ. ಹಡಗಿನಲ್ಲಿ ಅಂಥವು ಮೂರು. ಮಗ್ಗುಲಿಗೆ 410 ಮಿ.ಮೀ. ದಪ್ಪದ ಉಕ್ಕಿನ ಕವಚ. ಇಷ್ಟೆಲ್ಲ ಹೊತ್ತ ಮೇಲೆ ಅದರ ವೇಗ 27 ನಾಟ್, ಗಂಟೆಗೆ 50 ಕಿ.ಮೀ.

ಅಮೆರಿಕದವರ ಅಯೋವಾ ಹಡಗು ಬೇರೆ ದಾರಿ ಹಿಡಿಯಿತು. ಅವರಿಗೆ ವಿಮಾನ ಹೊರುವ ಹಡಗುಗಳ ಜೊತೆ ಓಡಬೇಕಿತ್ತು, ವೇಗ ಬೇಕೇ ಬೇಕು. ಫಿರಂಗಿ 40 ಸೆಂ.ಮೀ. ಸುಮಾರಿನವು, ಮಗ್ಗುಲ ಕವಚ 307 ಮಿ.ಮೀ. ಎಂಜಿನ್ ಮಾತ್ರ ರಾಕ್ಷಸ, 2,12,000 ಅಶ್ವಶಕ್ತಿ. ವೇಗ 33 ನಾಟ್. ಯಾಮಾಟೊದ ಎಂಜಿನ್ 1,50,000 ಅಶ್ವಶಕ್ತಿಯದು. ಆರು ನಾಟ್ ಜಾಸ್ತಿ ಓಡೋಕೆ ಇಷ್ಟೊಂದು ಶಕ್ತಿ ಯಾಕೆ ಅಂದರೆ, ನೀರು ಸುಮ್ನೆ ದಾರಿ ಬಿಡುವುದಿಲ್ಲ. ವೇಗ ಎರಡು ಪಟ್ಟು ಬೇಕಾದರೆ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟು ಬೇಕು. ಗೇಮ್‌ನಲ್ಲಿ ಕೊನೆಯ ಎರಡು ಮೂರು ನಾಟ್ ಏರಿಸಲು ಹೋದಾಗ ತೂಕದ ಪಟ್ಟಿ ತಟ್ಟನೆ ಕೆಂಪಾಗುವುದು ಇದೇ ಕಾರಣಕ್ಕೆ.

ನಮ್ಮ ಹುಡುಗನ ಹಡಗಿನ ಪಟ್ಟಿ ತೆರೆದು ನೋಡಿದೆವು. ಮುಕ್ಕಾಲು ಪಾಲು ತೂಕ ಫಿರಂಗಿಗೇ ಹೋಗಿತ್ತು. ಕವಚ ತಗಡಿನಂತಿತ್ತು. ವೇಗ 19 ನಾಟ್. ಅಂದರೆ ಅವನು ಹೊಡೆಯಬಲ್ಲ, ಹೊಡೆತ ತಡೆಯಲಾರ, ಓಡಿಹೋಗಲೂ ಆರ.

"ಹಂಗಾದ್ರೆ ಯಾವ್ದು ಒಳ್ಳೇದು ಮಾವ, ಯಾಮಾಟೊನಾ ಅಯೋವಾನಾ?"

"ನೀನು ಹೆಂಗೆ ಆಡ್ತೀಯ ಅನ್ನೋದ್ರ ಮೇಲೆ ಕಣೋ. ಒಂದು ಕಡೆ ನಿಂತು ಹೊಡೀತೀಯೋ, ಓಡಾಡ್ಕೊಂಡು ಹೊಡೀತೀಯೋ?"

ತೂಕ ಎಷ್ಟು ಅನ್ನುವುದರ ಜೊತೆಗೆ ಎಲ್ಲಿ ಅನ್ನುವುದೂ ಇದೆ. ಈ ಮಾತು ಬಹಳ ಜನ ಆಟಗಾರರಿಗೆ ಹೊಳೆಯುವುದೇ ಇಲ್ಲ. ಶಿರಾಡಿ ಘಾಟಿಯಲ್ಲಿ ಮೂಟೆಗಳನ್ನು ಎತ್ತರಕ್ಕೆ ಪೇರಿಸಿದ ಲಾರಿ ತಿರುವಿನಲ್ಲಿ ಹೇಗೆ ವಾಲುತ್ತದೆ ನೋಡಿದ್ದೀರಲ್ವಾ? ಅಷ್ಟೇ ಮೂಟೆಯನ್ನು ತಗ್ಗಾಗಿ ಹರಡಿ ಹೇರಿದ್ದರೆ ಅಷ್ಟು ವಾಲುವುದಿಲ್ಲ. ಹಡಗೂ ಹಾಗೇ. 1628ರಲ್ಲಿ ಸ್ವೀಡನ್ ದೇಶ ವಾಸಾ ಅನ್ನುವ ಹಡಗು ಕಟ್ಟಿತು. 64 ಫಿರಂಗಿ, ಎರಡು ಅಂತಸ್ತಿನಲ್ಲಿ. ಮೇಲ್ಭಾಗ ಭಾರ, ತಳ ಹಗುರ. ಮೊದಲ ಪಯಣದಲ್ಲೇ, ಸ್ಟಾಕ್‌ಹೋಮ್ ಬಂದರಿನಲ್ಲೇ, ಒಂದೂವರೆ ಕಿ.ಮೀ. ಕೂಡ ಹೋಗಿರಲಿಲ್ಲ, ಗಾಳಿ ಬೀಸಿತು. ಹಡಗು ವಾಲಿತು, ಕೆಳ ಅಂತಸ್ತಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು, ಮುಳುಗಿತು. ಶತ್ರು ಒಂದೇ ಒಂದು ಗುಂಡು ಹಾರಿಸಿರಲಿಲ್ಲ. 1961ರಲ್ಲಿ ಅದನ್ನು ಮೇಲೆತ್ತಿದರು, ಈಗ ಅಲ್ಲೇ ಮ್ಯೂಸಿಯಂನಲ್ಲಿದೆ. 1934ರಲ್ಲೂ ಇದೇ ಥರ ಆಯಿತು. ಚಿಕ್ಕ ಒಡಲಿಗೆ ಮಿತಿ ಮೀರಿ ಆಯುಧ ತುಂಬಿದ್ದ ಜಪಾನಿನ ತೊಮೊಜುರು ಬಿರುಗಾಳಿಯಲ್ಲಿ ಮಗುಚಿತು. ಆಮೇಲೆ ಜಪಾನಿನವರು ತಮ್ಮ ಎಷ್ಟೋ ಹಡಗುಗಳ ಮೇಲ್ಭಾರ ಇಳಿಸಬೇಕಾಯಿತು.

ಇಲ್ಲಿ ನಮ್ಮದೇ ಹೆಸರಿನ ಒಂದು ಹಡಗಿನ ಕಥೆ ಹೇಳಲೇಬೇಕು. ಐಎನ್‌ಎಸ್ ಮೈಸೂರು. ಅದು ಮೊದಲು ಬ್ರಿಟಿಷರ ನೈಜೀರಿಯಾ ಅನ್ನುವ ಕ್ರೂಸರ್, ಅಂದರೆ ನಡುಗಾತ್ರದ ಯುದ್ಧದ ಹಡಗು ಆಗಿತ್ತು. ಕಟ್ಟಿದಾಗ ನಾಲ್ಕು ಟರೆಟ್, ತಲಾ ಮೂರರಂತೆ ಆರಿಂಚಿನ ಹನ್ನೆರಡು ಫಿರಂಗಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದಂತೆ ವಿಮಾನಗಳ ಕಾಟ ಜಾಸ್ತಿಯಾಯಿತು. ವಿಮಾನ ಹೊಡೆಯುವ ಸಣ್ಣ ಫಿರಂಗಿಗಳನ್ನು ಹೆಚ್ಚಿಸಬೇಕಿತ್ತು. ಒಡಲು ಅದೇ, ಮಿತಿ ಅದೇ. ಈ ಜಾತಿಯ ಹಲವು ಹಡಗುಗಳಲ್ಲಿ ಹಿಂದಿನಿಂದ ಎರಡನೇ ಟರೆಟ್ ಕಿತ್ತು ಹಾಕಿದರು. ಅದು ಕೊನೆಯ ಟರೆಟ್‌ನ ತಲೆ ಮೇಲಿನಿಂದ ಹೊಡೆಯಲಿ ಅಂತ ಎತ್ತರದಲ್ಲಿ ಕೂತಿದ್ದ ಟರೆಟ್. ತೆಗೆದರೆ ಮೇಲ್ಭಾರ ಚೆನ್ನಾಗಿ ಇಳಿಯುತ್ತದೆ. ಹೀಗೆ ಒಂಬತ್ತು ಫಿರಂಗಿಯ ಹಡಗಾಗಿ ಅದು 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಲಾಂಛನದಲ್ಲಿ ಮೈಸೂರಿನ ಗಂಡಭೇರುಂಡ. 1971ರ ಯುದ್ಧದಲ್ಲಿ ಪಶ್ಚಿಮ ಪಡೆಯ ಮುಖ್ಯ ಹಡಗು ಇದೇ. ಒಂದು ಟರೆಟ್ ಕಳೆದುಕೊಂಡೇ ಹೆಚ್ಚು ಉಪಯೋಗಕ್ಕೆ ಬಂದ ಹಡಗು. ಗೇಮ್‌ನಲ್ಲಿ ಹಡಗು ಕಟ್ಟುವ ಡಾಕ್‌ನಲ್ಲಿ ಕೂತು ನಾವು ಮಾಡುವ ಕೆಲಸವನ್ನೇ ನಿಜದ ಜನ ನಿಜದ ಉಕ್ಕಿನಲ್ಲಿ ಮಾಡಿದ್ದರು.

ಹುಡುಗನಿಗೆ ಈ ಕಥೆ ನಾಟಿತು. "ಹಂಗಾದ್ರೆ ನಂದು ಎಷ್ಟು ತೆಗೀಲಿ?" ಅಂದ. ತಡಿ, ಇನ್ನೂ ಕವಚದ ವಿಷಯ ಇದೆ ಅಂದೆ.

ಕವಚವನ್ನು ಇಡೀ ಹಡಗಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿದರೆ ಎಲ್ಲ ಕಡೆಯೂ ತೆಳ್ಳಗೇ ಆಗುತ್ತದೆ. ಮೊದಮೊದಲು ಹೆಚ್ಚುಕಡಿಮೆ ಹಾಗೇ ಹರಡುತ್ತಿದ್ದರು. 1916ರಲ್ಲಿ ಸೇವೆಗೆ ಬಂದ ಅಮೆರಿಕದ ನೆವಾಡಾ ಆ ಯೋಚನೆ ಬದಲಿಸಿತು. ಮದ್ದುಗುಂಡಿನ ಕೋಣೆ, ಎಂಜಿನ್ ಕೋಣೆ, ಟರೆಟ್ ಬುಡ, ಇಂಥ ಜೀವ ಹೋಗುವ ಜಾಗಗಳಿಗೆ ಮಾತ್ರ ಅತಿ ದಪ್ಪ ಕವಚ. ಉಳಿದ ಕಡೆ ಬಹುಪಾಲು ಇಲ್ಲವೇ ಇಲ್ಲ. ಮೂತಿಗೆ ತೂತು ಬಿದ್ದರೆ ಬೀಳಲಿ, ಹಡಗು ತೇಲುತ್ತದೆ. ಈ ಗಟ್ಟಿ ಪೆಟ್ಟಿಗೆಗೆ ಸಿಟಡೆಲ್ ಅನ್ನುತ್ತಾರೆ. ನಮ್ಮ ಕಡೆ ಮನೆ ತುಂಬಾ ಬೀಗ ಹಾಕದೆ ಒಡವೆ ಇರುವ ಬೀರುವಿಗೆ ಮಾತ್ರ ಹಾಕುತ್ತೇವಲ್ಲ, ಹಾಗೆ.

ದಪ್ಪ ಹೆಚ್ಚಿಸದೆ ಕವಚವನ್ನು ಗಟ್ಟಿ ಮಾಡುವ ಉಪಾಯವೂ ಒಂದಿದೆ. ನನಗೆ ಈ ಗೇಮ್‌ಗಳಲ್ಲಿ ತುಂಬಾ ಇಷ್ಟವಾದ ವಿಷಯ ಇದು. ಇದನ್ನು ಅವನಿಗೆ ಅಡುಗೆಮನೆಯಲ್ಲಿ ತೋರಿಸಿದೆ. ಅಮ್ಮ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಒಂದು ಸೌತೆಕಾಯಿ ಈಸಿಕೊಂಡು ನೇರವಾಗಿ ಒಂದು ಹೋಳು, ಓರೆಯಾಗಿ ಒಂದು ಹೋಳು ಕೊಯ್ದೆ. ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಂದು ಅವನೇ ಅಳೆದ. ನೇರ ಹೋಳು 4 ಸೆಂ.ಮೀ. ಓರೆ ಹೋಳು ಐದೂವರೆಗಿಂತ ಚೂರು ಜಾಸ್ತಿ. ಸೌತೆಕಾಯಿ ಅದೇ, ಆದರೆ ಚಾಕು ಹೋದ ದಾರಿ ಉದ್ದವಾಯಿತು. ಗುಂಡಿಗೂ ಹೀಗೇ ಆಗುತ್ತದೆ. 300 ಮಿ.ಮೀ. ಕವಚಕ್ಕೆ ಗುಂಡು ಗೋಡೆಗೆ ಮೊಳೆ ಹೊಡೆದಂತೆ ನೇರವಾಗಿ ಬಂದರೆ 300 ಮಿ.ಮೀ. ಉಕ್ಕನ್ನೇ ಕೊರೆಯಬೇಕು. ಹಡಗನ್ನು 45 ಡಿಗ್ರಿ ಓರೆ ಮಾಡಿದರೆ ಸುಮಾರು 424 ಮಿ.ಮೀ. ಕೊರೆಯಬೇಕು. 60 ಡಿಗ್ರಿ ಓರೆ ಆದರೆ 600, ಪೂರ್ತಿ ಎರಡು ಪಟ್ಟು. ಕೆರೆಯ ಮೇಲೆ ಬಿಲ್ಲೆ ಕಲ್ಲು ಎಸೆದಾಗ ಕುಪ್ಪಳಿಸಿ ಹೋಗುತ್ತದಲ್ಲ, ಅಷ್ಟು ಓರೆಯಾದಾಗ ಗುಂಡೂ ಹಾಗೇ ಜಾರಿ ಹೋಗುತ್ತದೆ. 'ವರ್ಲ್ಡ್ ಆಫ್ ವಾರ್‌ಶಿಪ್ಸ್'ನಲ್ಲಿ ಸಾಮಾನ್ಯವಾಗಿ 45 ಡಿಗ್ರಿಯಿಂದ ಜಾರುವ ಸಾಧ್ಯತೆ ಶುರುವಾಗುತ್ತದೆ. 60 ದಾಟಿದರೆ, ಕವಚ ತೀರಾ ತೆಳ್ಳಗಿಲ್ಲದಿದ್ದರೆ, ಜಾರುವುದು ಖಂಡಿತ.

ಹಾಗಾದರೆ ಸದಾ ಓರೆಯಾಗಿಯೇ ಇದ್ದುಬಿಡೋಣ ಅನ್ನಿಸುತ್ತದೆ ಅಲ್ವಾ? ತೊಂದರೆ ಏನೆಂದರೆ ಮೂತಿಯನ್ನು ಶತ್ರುವಿನ ಕಡೆ ಹೆಚ್ಚು ತಿರುಗಿಸಿದಷ್ಟೂ ಹಿಂದಿನ ಟರೆಟ್‌ಗಳಿಗೆ ಶತ್ರು ಕಾಣುವುದಿಲ್ಲ. ನಡುವೆ ನಮ್ಮದೇ ಹಡಗಿನ ಮಹಡಿ ಅಡ್ಡ. ಎಲ್ಲ ಫಿರಂಗಿ ಹೊಡೆಯಬೇಕಾದರೆ ಮಗ್ಗುಲು ತೋರಿಸಬೇಕು. ಮಗ್ಗುಲು ತೋರಿಸಿದರೆ ಕವಚ ನೇರವಾಗಿ ಸಿಗುತ್ತದೆ.

ನಮ್ಮ ಹುಡುಗನ ಮನೆ ಹತ್ತಿರವೇ ಮಂಜರಾಬಾದ್ ಕೋಟೆ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಸುಮ್ನೆ ಚಂದಕ್ಕೆ ಹಾಗೆ ಕಟ್ಟಿದ್ದಲ್ಲ. ಚೌಕ ಕೋಟೆಯಲ್ಲಿ ಗೋಡೆಯ ಬುಡಕ್ಕೆ ಬಂದು ಅಂಟಿಕೊಂಡವನು ಮೇಲಿನ ಫಿರಂಗಿಗೆ ಕಾಣುವುದಿಲ್ಲ. ನಕ್ಷತ್ರದ ಕೋಟೆಯಲ್ಲಿ ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆ ಬುಡದವರೆಗೂ ಕಾಣುತ್ತದೆ. ಕುರುಡು ಜಾಗ ಉಳಿಯುವುದಿಲ್ಲ. ಗೋಡೆಗಳು ಓರೆ ಇರುವುದರಿಂದ ಹೊರಗಿನಿಂದ ಬರುವ ಗುಂಡಿಗೂ ನೇರ ಹೊಡೆತ ಸಿಗುವುದು ಕಷ್ಟ. ಕೋಟೆ ಕದಲುವುದಿಲ್ಲ, ಹಾಗಾಗಿ ಎರಡೂ ಲಾಭ ಒಟ್ಟಿಗೆ ಸಿಕ್ಕಿತು. ಹಡಗಿಗೆ ಆ ಭಾಗ್ಯ ಇಲ್ಲ. ಒಂದು ಬೇಕಾದರೆ ಇನ್ನೊಂದನ್ನು ಆ ಗಳಿಗೆಗೆ ಬಿಡಬೇಕು.

ಆ ಗಳಿಗೆ ಎಷ್ಟು ಅಪಾಯದ್ದು ಅನ್ನೋದಕ್ಕೆ ಹುಡ್ ಹಡಗಿನ ಕಥೆ ಸಾಕು. 1941ರ ಮೇ 24. ಬ್ರಿಟಿಷರ ಹೆಮ್ಮೆಯ ಹಡಗು ಹುಡ್ ಜರ್ಮನಿಯ ಬಿಸ್ಮಾರ್ಕ್ ಕಡೆ ಓರೆಯಾಗಿ ನುಗ್ಗುತ್ತಿತ್ತು. ಮುಂದಿನ ಫಿರಂಗಿ ಮಾತ್ರ ಹೊಡೆಯುತ್ತಿದ್ದವು. ಹಿಂದಿನವಕ್ಕೂ ಅವಕಾಶ ಸಿಗಲಿ ಅಂತ ಎಡಕ್ಕೆ ತಿರುಗತೊಡಗಿತು. ಆ ತಿರುವಿನಲ್ಲೇ ಗುಂಡು ಬಿತ್ತು, ಮದ್ದಿನ ಕೋಣೆ ಸ್ಫೋಟಿಸಿತು. 1,418 ಜನರಲ್ಲಿ ಉಳಿದವರು ಮೂವರೇ. ಗೇಮ್‌ನಲ್ಲಿ ತಿರುಗುವ ಮೊದಲು ಶತ್ರುವಿನ ಫಿರಂಗಿ ಯಾವ ಕಡೆ ಇದೆ, ಈಗಷ್ಟೇ ಹೊಡೆದಿದ್ದಾನಾ ಅಂತ ನೋಡಿಕೊಳ್ಳಬೇಕು. ಅವನು ಮತ್ತೆ ತುಂಬಿಸುವಷ್ಟರಲ್ಲಿ ತಿರುಗಿ, ಹೊಡೆದು, ವಾಪಸ್ ಓರೆಯಾಗಬೇಕು. ನಮ್ಮ ಹುಡುಗ ಉದ್ದಕ್ಕೂ ಮಗ್ಗುಲು ತೋರಿಸಿಕೊಂಡೇ ನಿಂತಿರುತ್ತಿದ್ದ.

ಇನ್ನು ಗುಂಡಿನ ಆಯ್ಕೆ. ಎಪಿ ಅಂತ ಇರುವುದು ಕವಚ ಕೊರೆದು ಒಳಗೆ ಹೋಗಿ ಸಿಡಿಯುತ್ತದೆ. ಎಚ್‌ಇ ಅಂತ ಇರುವುದು ಬಿದ್ದಲ್ಲೇ ಸಿಡಿದು ಬೆಂಕಿ ಹಚ್ಚುತ್ತದೆ. ಹೊಸಬರು ಎಪಿಯೇ ಶಕ್ತಿಶಾಲಿ ಅಂದುಕೊಂಡು ಎಲ್ಲದಕ್ಕೂ ಅದನ್ನೇ ಹೊಡೆಯುತ್ತಾರೆ. 'ವರ್ಲ್ಡ್ ಆಫ್ ವಾರ್‌ಶಿಪ್ಸ್'ನಲ್ಲಿ ಎಪಿ ಗುಂಡು ಸಿಟಡೆಲ್ ಒಳಗೆ ಸಿಡಿದರೆ ಅದರ ಪೂರ್ತಿ ಹಾನಿ ಲೆಕ್ಕಕ್ಕೆ ಬರುತ್ತದೆ. ಬೇರೆ ಕಡೆ ಒಳಹೊಕ್ಕು ಸಿಡಿದರೆ ಶೇ. 33. ತೆಳ್ಳಗಿನ ಭಾಗದಲ್ಲಿ ಈ ಕಡೆಯಿಂದ ಆ ಕಡೆಗೆ ತೂರಿಹೋದರೆ ಬರೀ ಶೇ. 10. ಸಿಡಿಯುವ ಮೊದಲೇ ಹಡಗು ದಾಟಿರುತ್ತದೆ ಅಷ್ಟೇ. ಹಾಗಾಗಿ ಓರೆ ನಿಂತ ದೊಡ್ಡ ಹಡಗಿಗೂ ತೆಳ್ಳನೆಯ ಚಿಕ್ಕ ಹಡಗಿಗೂ ಎಚ್‌ಇ ಹಾಕಿ. ಮಗ್ಗುಲು ತೋರಿಸಿದ ದೊಡ್ಡದಕ್ಕೆ ಎಪಿ.

ಗುರಿ ಹಿಡಿಯುವುದನ್ನು ಕಲಿಸೋಕೆ ಕಷ್ಟವೇ ಆಗಲಿಲ್ಲ. ಅವನಿಗೆ ಲಗೋರಿ ಗೊತ್ತು. ಲಗೋರಿಯಲ್ಲಿ ಓಡುತ್ತಿರುವವನಿಗೆ ಚೆಂಡು ಹೊಡೆಯುವಾಗ ಅವನು ಇರುವ ಜಾಗಕ್ಕೆ ಎಸೆದರೆ ಚೆಂಡು ಬೆನ್ನ ಹಿಂದೆ ಹೋಗುತ್ತದೆ. ಅವನು ಹೋಗಿ ಸೇರುವ ಜಾಗಕ್ಕೆ ಎಸೆಯಬೇಕು. 30 ನಾಟ್ ವೇಗದ ಹಡಗು ಸೆಕೆಂಡಿಗೆ ಸುಮಾರು 15 ಮೀಟರ್ ಹೋಗುತ್ತದೆ. ಗುಂಡು ಹಾರೋಕೆ 10 ಸೆಕೆಂಡ್ ಹಿಡಿದರೆ 150 ಮೀಟರ್ ಮುಂದಕ್ಕೆ ಗುರಿ ಇಡಬೇಕು. ಗೇಮ್‌ಗಳಲ್ಲಿ ಹಡಗು ಇನ್ನೂ ಚುರುಕಾಗಿ ಓಡುವುದರಿಂದ ಅಂತರ ಬೇರೆ ಬೇರೆ ಬರುತ್ತದೆ, ಆದರೆ ವಿಧಾನ ಇದೇ. ಮೊದಲ ಸಲ ಎಲ್ಲ ಫಿರಂಗಿ ಒಟ್ಟಿಗೆ ಹಾರಿಸಬೇಡಿ. ಒಂದು ಟರೆಟ್ ಹಾರಿಸಿ, ನೀರು ಎಲ್ಲಿ ಚಿಮ್ಮಿತು ನೋಡಿ, ಸರಿ ಮಾಡಿಕೊಂಡು ಉಳಿದವನ್ನು ಹಾರಿಸಿ. ನಿಜದ ಯುದ್ಧದಲ್ಲೂ ನೀರು ಚಿಮ್ಮುವುದನ್ನು ನೋಡಿಯೇ ತಿದ್ದಿಕೊಳ್ಳುತ್ತಿದ್ದರು. ನಾಲ್ಕಾರು ಹಡಗು ಒಂದೇ ಗುರಿಗೆ ಹೊಡೆದಾಗ ಯಾರ ಗುಂಡು ಯಾವುದು ಗೊತ್ತಾಗಲಿ ಅಂತ ಗುಂಡಿನೊಳಗೆ ಬಣ್ಣದ ಪುಡಿ ತುಂಬುತ್ತಿದ್ದರು. ಒಂದು ಹಡಗಿನ ಗುಂಡು ಕೆಂಪು ನೀರು ಚಿಮ್ಮಿಸಿದರೆ ಇನ್ನೊಂದರದು ಹಸಿರು.

ನೀರೊಳಗೆ ಓಡಿ ಬಂದು ಸಿಡಿಯುವ ಟಾರ್ಪಿಡೊ, ಕ್ಷಿಪಣಿಗಳ ಬಗ್ಗೆ ಒಂದೇ ಮಾತು. ಇವು ತೂಕದ ಲೆಕ್ಕವನ್ನೇ ತಲೆಕೆಳಗು ಮಾಡಿದವು, ಯಾಕೆಂದರೆ ದೊಡ್ಡ ಹೊಡೆತಕ್ಕೆ ದೊಡ್ಡ ಟರೆಟ್ ಬೇಕಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಬಳಿ ಪಾಕಿಸ್ತಾನದ ಖೈಬರ್ ಡಿಸ್ಟ್ರಾಯರನ್ನು ಮುಳುಗಿಸಿದವು. ಹೆಚ್ಚುಕಡಿಮೆ ಅದೇ ಜಾತಿಯ ಚಪಲ್ ಅನ್ನುವ ದೋಣಿಯನ್ನು ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಕಾರವಾರಕ್ಕೆ ಹೋದರೆ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಅಷ್ಟು ಸಣ್ಣದರ ಮೇಲೆ ಕ್ಷಿಪಣಿಯ ಅಷ್ಟು ದೊಡ್ಡ ಪೆಟ್ಟಿಗೆ ಕೂತಿರುವುದನ್ನು ಕಣ್ಣಾರೆ ನೋಡಿದರೆ ಇದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇಂಥ ಎಷ್ಟೋ ಗೇಮ್‌ಗಳು ದುಡ್ಡು ಕೊಟ್ಟರೆ ಇನ್ನೂ ಒಳ್ಳೆ ಹಡಗು ಕೊಡ್ತೀವಿ ಅನ್ನುತ್ತವೆ. ಮಕ್ಕಳ ಕೈಗೆ ಕೊಡುವ ಮೊದಲು ಮೊಬೈಲಿನಲ್ಲಿ ಹಣ ಪಾವತಿಗೆ ಲಾಕ್ ಹಾಕಿಬಿಡಿ. ತೂಕದ ಲೆಕ್ಕ ಬಾರದವನಿಗೆ ದುಡ್ಡು ಕೊಟ್ಟು ತಂದ ಹಡಗೂ ಮುಳುಗುತ್ತದೆ.

ರಾತ್ರಿ ಊಟ ಮುಗಿಸಿ ಮತ್ತೆ ಡಾಕ್ ತೆರೆದೆವು. ಈ ಸಲ ನಾನು ಬಾಯಿ ಬಿಡಲಿಲ್ಲ. ಅವನು ತುಂಬಾ ಹೊತ್ತು ಪರದೆ ನೋಡುತ್ತಾ ಕೂತ. ಕೊನೆಯ ಮ್ಯಾಚ್‌ನಲ್ಲಿ ಇದ್ದದ್ದು ನಾಲ್ಕು ಟರೆಟ್.

"ಮಾವ, ಮೈಸೂರು ಹಡಗಲ್ಲಿ ಕಿತ್ತಿದ್ದು ಹಿಂದಿನಿಂದ ಎರಡನೇದು ಅಲ್ವಾ?"

"ಹೂಂ."

ಅದನ್ನೇ ತೆಗೆದ. ಉಳಿದ ತೂಕದಲ್ಲಿ ಎಂಜಿನ್ ಕೋಣೆಗೆ ಕವಚ ಹಾಕಿದ, ಮಿಕ್ಕಿದ್ದನ್ನು ಎಂಜಿನ್‌ಗೆ ಕೊಟ್ಟ. ವೇಗ 26 ನಾಟ್ ಆಯಿತು. ನೀರಿಗಿಳಿದ. ಮೊದಲ ಗುಂಡು ಬಂದಾಗ ಮೂತಿ ತಿರುಗಿಸಿ ಓರೆಯಾದ. ಠಣ್ ಅಂತ ಸದ್ದು ಮಾಡಿ ಗುಂಡು ಜಾರಿಹೋಯಿತು. ಅವನು ಕುರ್ಚಿಯಲ್ಲೇ ಎಗರಿ, "ಸೌತೆಕಾಯಿ ಮಾವಾ, ಸೌತೆಕಾಯಿ!" ಅಂತ ಕೂಗಿದ. ಒಳಗಿನಿಂದ ಅಮ್ಮ, "ಈ ಹೊತ್ನಲ್ಲಿ ಸೌತೆಕಾಯಿ ಎಲ್ಲಿಂದ ತರ್ಲೋ?" ಅಂದರು. ಮ್ಯಾಚ್ ಹದಿನಾಲ್ಕನೇ ನಿಮಿಷಕ್ಕೆ ಬಂದಿತ್ತು, ಅವನ ಹಡಗು ಇನ್ನೂ ತೇಲುತ್ತಿತ್ತು.